ಗೇಟಿನಿಂದ ಕಮಿಟಿಯವರೆಗೆ: ಬೀದಿಯ ಚರ್ಚು ಎಲ್ಲರದಾಗಬೇಕಾದರೆ

ಜನವರಿಯಲ್ಲಿ ಕಾರ್ಕಳದ ಅತ್ತೂರು ಜಾತ್ರೆಗೆ ಹೋದವರನ್ನು ‘ನೀವು ಯಾರ ಪೈಕಿ?’ ಎಂದು ಯಾರೂ ಕೇಳುವುದಿಲ್ಲ. ಸೆಪ್ಟೆಂಬರ್ 8ರಂದು ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರೀಸ್ ಬಸಿಲಿಕದಲ್ಲೂ ಅಷ್ಟೇ. ಎಲ್ಲ ಜಾತಿ, ಎಲ್ಲ ಧರ್ಮದವರೂ ಮೇಣದಬತ್ತಿ ಕೊಂಡು, ಸಾಲು ನಿಂತು, ಹರಕೆ ಒಪ್ಪಿಸಿ ಹೋಗುತ್ತಾರೆ. ಅದೇ ಜನ ತಮ್ಮ ಬೀದಿಯ ತುದಿಯಲ್ಲಿರುವ ಚಿಕ್ಕ ಚರ್ಚಿನ ಗೇಟು ದಾಟಲು ಹತ್ತು ಸಲ ಯೋಚಿಸುತ್ತಾರೆ.

ಜಾತ್ರೆಯಲ್ಲಿ ಯಾರಿಗೂ ಯಾರ ಗುರುತೂ ಇರುವುದಿಲ್ಲ. ನೂರು ಜನರ ಸಭೆಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಹೊಸ ಮುಖ ಬಾಗಿಲಲ್ಲಿ ಕಂಡ ಕೂಡಲೇ ಅಷ್ಟೂ ಕತ್ತುಗಳು ತಿರುಗುತ್ತವೆ. ಸಣ್ಣ ಚರ್ಚಿನ ತೊಡಕು ಬಹುಪಾಲು ದ್ವೇಷದಿಂದ ಬಂದದ್ದಲ್ಲ, ಸಲುಗೆಯಿಂದ ಬಂದದ್ದು. ಒಳಗಿನವರಿಗೆ ಅದು ಮನೆ. ಹೊರಗಿನವರಿಗೂ ಅದು ಮನೆಯೇ, ಆದರೆ ಬೇರೆ ಯಾರದೋ ಮನೆ.

ಈ ಮಾರ್ಗದರ್ಶಿ ಅಂಥ ಚರ್ಚುಗಳಿಗೆ: ಅರವತ್ತರಿಂದ ಮುನ್ನೂರು ಜನ ಸೇರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಮೆಥೋಡಿಸ್ಟ್ ಸಭೆ, ಕಥೋಲಿಕ ಧರ್ಮಕೇಂದ್ರ. ಕೆಳಗಿನ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಹಣ ಬೇಕಾದ ಒಂದೆರಡನ್ನು ಕೊನೆಗಿಟ್ಟುಕೊಂಡರೂ ನಡೆಯುತ್ತದೆ. ಹೊಸಬರು ನಡೆದು ಬರುವ ದಾರಿಯಲ್ಲೇ ಹೋಗೋಣ, ಗೇಟಿನಿಂದ ಶುರುಮಾಡಿ.

1. ಮೊದಲು ಐದು ಜನ, ಒಂದು ನೋಟ್‌ಬುಕ್

ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯೋ ಪಾಲನಾ ಸಮಿತಿಯೋ ತಾನೇ ಸುತ್ತಾಡಿ ಪರಿಶೀಲಿಸಿದರೆ ‘ಎಲ್ಲ ಸರಿ ಇದೆ’ ಎಂಬ ವರದಿ ಬರುತ್ತದೆ. ಇಪ್ಪತ್ತು ವರ್ಷದಿಂದ ಹತ್ತಿದ ಮೆಟ್ಟಿಲು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಬದಲು ಇಂಥ ಐವರನ್ನು ಆರಿಸಿ: ಕೋಲು ಹಿಡಿದು ನಡೆಯುವ ಒಬ್ಬರು, ಕೈಗೂಸಿನ ತಾಯಿ, ಓದುಬರಹ ಬಾರದ ಒಬ್ಬರು, ಸಭೆಗೆ ಸೇರಿ ಒಂದು ವರ್ಷ ತುಂಬದ ಒಬ್ಬರು, ಹದಿನೆಂಟು ದಾಟದ ಹುಡುಗ ಅಥವಾ ಹುಡುಗಿ. ಮೂರು ಭಾನುವಾರ ಅವರು ಗೇಟಿನಿಂದ ಆಶೀರ್ವಾದದವರೆಗೆ ಎಲ್ಲೆಲ್ಲಿ ತಡವರಿಸಿದರು ಎಂದು ಬರೆಯಲಿ. ಓದಲು ಬಾರದವರು ಹೇಳಿದ್ದನ್ನು ಹುಡುಗಿ ಬರೆದುಕೊಳ್ಳಲಿ. ಒಂದು ಭಾನುವಾರ ಸಾಲದು. ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ) ವಾರದ ತೊಡಕೇ ಬೇರೆ, ಮಳೆ ಬಂದ ವಾರದ್ದೇ ಬೇರೆ.

ಬಂದ ಟಿಪ್ಪಣಿಗಳನ್ನು ಮೂರು ರಾಶಿ ಮಾಡಿ: ಈ ವಾರವೇ ಆಗುವುದು, ಕಮಿಟಿಯ ತೀರ್ಮಾನ ಬೇಕಾದದ್ದು, ಡಯಾಸಿಸ್‌ನ (ಬಿಷಪ್ಪರ ಆಡಳಿತದ ಪ್ರಾಂತ್ಯದ) ಒಪ್ಪಿಗೆ ಬೇಕಾದದ್ದು. ಸಿಎಸ್‌ಐ ಆಸ್ತಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುವುದರಿಂದ ಕಟ್ಟಡಕ್ಕೆ ಕೈ ಹಚ್ಚುವ ಮೊದಲು ಡಯಾಸಿಸ್ ಕಚೇರಿಗೆ ಬರೆಯಬೇಕು. ಕಥೋಲಿಕ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿಯ ಮುಂದಿಟ್ಟು ಧರ್ಮಪ್ರಾಂತ್ಯದ ಕಚೇರಿಗೆ ಕಳಿಸಬೇಕು. ಪತ್ರ ಮೊದಲ ತಿಂಗಳಲ್ಲೇ ಹೋಗಲಿ; ಉತ್ತರ ಬರುವಷ್ಟರಲ್ಲಿ ಉಳಿದೆರಡು ರಾಶಿ ಕರಗಿರುತ್ತದೆ.

2. ಗೇಟು, ಬೋರ್ಡು, ಚಪ್ಪಲಿ

ಬೋರ್ಡಿನಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದು ಗೇಟಿಗೆ ಚಿಲಕ ಹಾಕುವ ಚರ್ಚುಗಳಿಗೆ ಲೆಕ್ಕವಿಲ್ಲ. ಆರಾಧನೆಗೆ ಅರ್ಧ ಗಂಟೆ ಮೊದಲು ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದಿರಲಿ. ಬೋರ್ಡಿನಲ್ಲಿ ಸಮಯ, ಭಾಷೆ, ಎಷ್ಟು ಹೊತ್ತಿನ ಆರಾಧನೆ, ಕರೆ ಮಾಡಿದರೆ ನಿಜವಾಗಿ ಎತ್ತುವ ಒಂದು ಫೋನ್ ನಂಬರ್, ಇಷ್ಟು ಸಾಕು. ‘ಎಷ್ಟು ಹೊತ್ತು’ ಎಂಬುದನ್ನು ಯಾರೂ ಬರೆಯುವುದಿಲ್ಲ. ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕಾದ ನರ್ಸಿಗೆ ಬೇಕಾದ ಮೊದಲ ಮಾಹಿತಿ ಅದೇ. ಕ್ರಿಸ್ಮಸ್, ಶುಭ ಶುಕ್ರವಾರದ ಸಮಯ ಬದಲಾದಾಗ ಗೂಗಲ್ ಮ್ಯಾಪಿನಲ್ಲೂ ತಿದ್ದಿ.

ಚಪ್ಪಲಿ ಹೊರಗೆ ಬಿಡುವ ರೂಢಿ ಇರುವ ಕಡೆ ಅದನ್ನು ಗೌರವಿಸಿ. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರು, ಕೃತಕ ಕಾಲಿನವರು, ಕ್ಯಾಲಿಪರ್ ಹಾಕಿದವರು ಪಾದರಕ್ಷೆ ತೆಗೆಯಲಾರರು. ಚಪ್ಪಲಿ ಸ್ಟ್ಯಾಂಡಿನ ಮೇಲೆ ‘ಕಾಲಿನ ತೊಂದರೆ ಇರುವವರು ಹಾಕಿಕೊಂಡೇ ಬನ್ನಿ’ ಎಂಬ ಒಂದು ಸಾಲು ಬರೆದಿಟ್ಟರೆ ಪ್ರತಿ ವಾರದ ಜಗಳ ತಪ್ಪುತ್ತದೆ. ಪಕ್ಕದಲ್ಲಿ ಒಂದು ಸ್ಟೂಲು ಇರಲಿ; ಒಂಟಿಕಾಲಲ್ಲಿ ನಿಂತು ಬಕಲ್ ಬಿಚ್ಚುವಾಗ ಮುದುಕರು ಬೀಳುವುದು ಇಲ್ಲೇ.

ಜಮಖಾನೆ ಹಾಸಿ ನೆಲದ ಮೇಲೆ ಕೂರುವ ಹಳ್ಳಿ ಸಭೆಗಳಲ್ಲಿ ಎಂಟು ಹತ್ತು ಕುರ್ಚಿ ಗೋಡೆಗೆ ಒರಗಿಸಿ ಹಿಂದೆ ಇಟ್ಟಿರುತ್ತಾರೆ. ಮಂಡಿ ನೋವಿನವರೆಲ್ಲ ಹಿಂದೆ ಕೂತು, ಮುಂದಿನದು ಕಾಣದೆ, ಕೇಳದೆ ಉಳಿಯುತ್ತಾರೆ. ಕುರ್ಚಿಗಳನ್ನು ಎರಡು ಬದಿಗೆ, ಮುಂದಿನಿಂದ ಹಿಂದಿನವರೆಗೆ ಹಂಚಿಡಿ.

3. ಬಾಗಿಲಲ್ಲಿ ಕೇಳುವ ಪ್ರಶ್ನೆ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿ.

‘ಯಾವೂರು? ಯಾರ ಮನೆಯವರು? ನಿಮ್ಮ ಮೂಲ ಎಲ್ಲಿ?’ ಕೇಳುವವರಿಗೆ ಇದು ಮಾತಿಗೆ ಮಾತು. ಕೇಳಿಸಿಕೊಳ್ಳುವವರಿಗೆ, ಅದರಲ್ಲೂ ದಲಿತ ಕುಟುಂಬದವರಿಗೆ, ಇದು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ, ಶಾಲೆಯಲ್ಲಿ ಕೇಳಿ ಕೇಳಿ ಸಾಕಾದ ಪ್ರಶ್ನೆ. ಕರ್ನಾಟಕದಲ್ಲಿ ಊರು, ಕೇರಿ, ಮನೆತನ ಮೂರನ್ನೂ ಸೇರಿಸಿದರೆ ಜಾತಿ ತಿಳಿಯುತ್ತದೆ. ಇದು ಕೇಳುವವರಿಗೂ ಗೊತ್ತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಕಾಲದಿಂದಲೂ ಸಭೆಯೊಳಗೆ ಜಾತಿ ಇರಕೂಡದು ಎಂಬ ಮಾತಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣಕ್ಕೆಂದೇ 2016ರಲ್ಲಿ ನೀತಿ ಹೊರಡಿಸಿ, ಜಾತಿಭೇದವನ್ನು ಪಾಪವೆಂದೇ ಕರೆಯಿತು. ನೀತಿ ಗೋಡೆಯ ಮೇಲಿದ್ದರೂ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತದೆ.

ಬಾಗಿಲಲ್ಲಿ ನಿಲ್ಲುವವರಿಗೆ ಬೇರೆ ಮಾತು ಕಲಿಸಿ. ‘ಬನ್ನಿ ಅಕ್ಕ, ಬಸ್ಸು ಸಿಕ್ತಾ? ಫ್ಯಾನಿನ ಕೆಳಗೆ ಜಾಗ ಇದೆ. ಪುಸ್ತಕ ಇಲ್ಲಿದೆ, ಮೊದಲ ಹಾಡು 42. ಮುಗಿದ ಮೇಲೆ ಟೀ ಇದೆ, ಕುಡಿದೇ ಹೋಗಿ.’ ಇದರಲ್ಲಿ ಉತ್ತರಿಸಲು ಕಷ್ಟವಾಗುವ ಪ್ರಶ್ನೆ ಒಂದೂ ಇಲ್ಲ. ಹೆಸರು ಕೇಳುವ ಮೊದಲು ನಿಮ್ಮ ಹೆಸರು ಹೇಳಿ. ಅವರು ಹೇಳಿದ ಹೆಸರಿನಿಂದಲೇ ಕರೆಯಿರಿ. ‘ಕ್ರಿಶ್ಚಿಯನ್ ಹೆಸರು ಏನು?’ ಎಂಬ ಮರುಪ್ರಶ್ನೆ ಬೇಡ.

ಗೇಟಿಗೆ ಇಬ್ಬರು, ಬಾಗಿಲಿಗೆ ಇಬ್ಬರು, ಒಳಗೆ ಹೊಸಬರ ಪಕ್ಕ ಕೂರಲು ಇಬ್ಬರು. ಆರು ಜನರಲ್ಲಿ ಮೂವರು ಹೆಂಗಸರು, ಒಬ್ಬರಾದರೂ ಇಪ್ಪತ್ತೈದರೊಳಗಿನವರು. ಪಕ್ಕ ಕೂರುವವರ ಕೆಲಸ ಪುಟ ತೋರಿಸುವುದು, ಯಾವಾಗ ಏಳುವುದು ಎಂದು ಮೆಲ್ಲಗೆ ಹೇಳುವುದು. ತಮ್ಮ ನಂಬಿಕೆಯ ಸಾಕ್ಷಿ ಹೇಳುವ ಕೆಲಸ ಅವರದಲ್ಲ. ತಿಂಗಳಿಗೊಮ್ಮೆ ಸರದಿ ಬದಲಿಸಿ. ವರ್ಷವಿಡೀ ಒಬ್ಬರೇ ನಿಂತರೆ ಬಾಗಿಲು ಅವರ ಸ್ವಂತದ್ದಾಗುತ್ತದೆ.

ಇನ್ನೊಂದು ರೂಢಿ: ‘ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಂತು ಪರಿಚಯ ಮಾಡಿಕೊಳ್ಳಿ.’ ಮೈಕು ಕೈಗೆ ಬರುತ್ತದೆ, ಚಪ್ಪಾಳೆ, ಒಂದು ಗುಲಾಬಿ. ಒಳ್ಳೆಯ ಮನಸ್ಸಿನಿಂದಲೇ ಮಾಡುವುದು, ಅನುಮಾನವಿಲ್ಲ. ಆದರೆ ಗಂಡನಿಗೆ ಹೇಳದೆ ಬಂದ ಹೆಂಗಸು, ಉಗ್ಗುವ ಹುಡುಗ, ಬೇರೆ ಸಭೆಯಲ್ಲಿ ನೊಂದು ಬಂದವರು ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಅಯ್ಯನವರು (ಪಾಸ್ಟರ್) ‘ಮೊದಲ ಸಲ ಬಂದವರಿಗೂ ಬಹಳ ದಿನದ ಮೇಲೆ ಬಂದವರಿಗೂ ವಂದನೆ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಲಿ. ಮಾತಾಡಬೇಕೆನಿಸಿದವರು ಟೀ ಹೊತ್ತಿಗೆ ತಾವೇ ಬರುತ್ತಾರೆ.

4. ಇಳಿಜಾರು ಮತ್ತು ಶೌಚಾಲಯ: ಅಳತೆ ತಪ್ಪಿದರೆ ಕಟ್ಟಿದ್ದೆಲ್ಲ ವ್ಯರ್ಥ

ಗಾಲಿಕುರ್ಚಿಯ ರ‍್ಯಾಂಪಿಗೆ ಲೆಕ್ಕ 1:12. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲೆಂದರೆ 45 ಸೆಂ.ಮೀ.; ಅದಕ್ಕೆ 5.4 ಮೀಟರ್ ಉದ್ದದ ರ‍್ಯಾಂಪು ಬೇಕು. ಅಂಗಳ ಸಾಲದೆಂದು ಎರಡು ಮೀಟರಿನಲ್ಲಿ ಮುಗಿಸುವುದು ಎಲ್ಲೆಡೆ ಕಾಣುವ ತಪ್ಪು. ಅಷ್ಟು ಕಡಿದಾದರೆ ತಳ್ಳುವವರಿಗೂ ಕಷ್ಟ, ಇಳಿಯುವಾಗ ಕುರ್ಚಿ ಕೈಮೀರುತ್ತದೆ. ಜಾಗ ಇಲ್ಲದಿದ್ದರೆ ಗೋಡೆಯುದ್ದಕ್ಕೆ ತಿರುಗಿಸಿ ಎಲ್ ಆಕಾರ ಮಾಡಿ, ತಿರುವಿನಲ್ಲಿ ಒಂದೂವರೆ ಮೀಟರಿನ ಸಮತಟ್ಟು ಬಿಡಿ. ಬುಡದಲ್ಲೂ ತುದಿಯಲ್ಲೂ ಅಷ್ಟೇ ಸಮತಟ್ಟು ಬೇಕು. ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಕುರ್ಚಿ ಹಿಂದಕ್ಕೆ ಜಾರುತ್ತದೆ. ಅಗಲ 1.2 ಮೀಟರ್, ಎರಡೂ ಕಡೆ ಕೈಹಿಡಿ, ಅಂಚಿನಲ್ಲಿ ಗಾಲಿ ಜಾರದಂತೆ ಸಣ್ಣ ಕಟ್ಟೆ.

ಪಾಲಿಶ್ ಗ್ರಾನೈಟ್ ಹಾಕಬೇಡಿ. ದಾನಿಗಳು ‘ಚೆನ್ನಾಗಿ ಕಾಣಲಿ’ ಎಂದು ಅದನ್ನೇ ಕೊಡಿಸುತ್ತಾರೆ. ಕರಾವಳಿ, ಮಲೆನಾಡಿನ ಮಳೆಗೆ ಅದು ಜಾರುಬಂಡೆ. ಒರಟು ಕಲ್ಲು ಅಥವಾ ಗೀರುಗೀರಿನ ಸಿಮೆಂಟು ಸಾಕು. ಜೂನ್ ಬರುವ ಮೊದಲು ಪಾಚಿ ಉಜ್ಜಿ ತೆಗೆಯಿರಿ. ರ‍್ಯಾಂಪು ಕಟ್ಟುವ ಮೊದಲು ಪಕ್ಕದ ಬಾಗಿಲು ನೋಡಿ. ಹಳೆಯ ಚರ್ಚುಗಳಲ್ಲಿ ವೆಸ್ಟ್ರಿ (ಪಾದ್ರಿಗಳು ಉಡುಪು ಹಾಕಿಕೊಳ್ಳುವ ಕೋಣೆ) ಕಡೆಯ ಬಾಗಿಲಿಗೆ ಒಂದೇ ಮೆಟ್ಟಿಲಿರುತ್ತದೆ, 1.8 ಮೀಟರಿನಲ್ಲಿ ಕೆಲಸ ಮುಗಿಯಬಹುದು. ಹಾಗೆ ಮಾಡಿದರೆ ಆ ಬಾಗಿಲಿನಿಂದ ಎಲ್ಲರೂ ಓಡಾಡಲಿ. ಗಾಲಿಕುರ್ಚಿಯವರಿಗೆ ಮಾತ್ರ ಹಿತ್ತಲ ಬಾಗಿಲು ಎಂದಾಗಬಾರದು. ಬಾಗಿಲಿನ ತೆರವು ಕನಿಷ್ಠ 90 ಸೆಂ.ಮೀ. ಇರಲಿ.

ಒಳಗೆ, ಮುಂದಿನಿಂದ ಮೂರನೆಯ ನಾಲ್ಕನೆಯ ಸಾಲಿನ ಬೆಂಚಿನ ತುದಿ ಕೊಯ್ದು 90 × 120 ಸೆಂ.ಮೀ. ಜಾಗ ಬಿಡಿ. ಗಾಲಿಕುರ್ಚಿಯನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಕಾಣಿಕೆ ಚೀಲ ಹಿಡಿದವರು ಪ್ರತಿ ಸಲ ‘ಸ್ವಲ್ಪ ಸರೀರಿ’ ಎನ್ನುತ್ತಾರೆ. ಪಕ್ಕದಲ್ಲೇ ಮನೆಯವರಿಗೆ ಬೆಂಚು ಇರಲಿ.

ಶೌಚಾಲಯ ಒಂದಾದರೂ ಕಮೋಡ್ ಇರುವಂಥದ್ದು, ಒಳಗೆ ಒಂದೂವರೆ ಮೀಟರ್ ವ್ಯಾಸದ ತಿರುಗುವ ಜಾಗ, ಗೋಡೆಗೆ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು. ಒಳಕ್ಕೆ ತೆರೆದರೆ ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡ. ಇದಕ್ಕೆ ಗಂಡು, ಹೆಣ್ಣು ಎಂಬ ಫಲಕ ಹಾಕದೆ ‘ಶೌಚಾಲಯ’ ಎಂದಷ್ಟೇ ಬರೆಯಿರಿ. ಅಜ್ಜಿಯನ್ನು ಕರೆದೊಯ್ಯುವ ಮೊಮ್ಮಗನಿಗೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗೂ ಒಂದೇ ಏಟಿಗೆ ಅನುಕೂಲ. ಬೀಗ ಹಾಕಿ ಕೀಲಿಯನ್ನು ಚರ್ಚು ನೋಡಿಕೊಳ್ಳುವ ಸೆಕ್ಸ್‌ಟನ್ ಜೇಬಿನಲ್ಲಿಟ್ಟರೆ ಕಟ್ಟಿಸಿದ್ದೂ ಕಟ್ಟಿಸದಂತೆ.

5. ಕಿವಿ, ಕಣ್ಣು, ನಾಲಿಗೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ರ‍್ಯಾಂಪಿನಿಂದ ಬಗೆಹರಿಯುವುದು ಕೆಲವೇ.

ಮಿಕ್ಸರಿನ ‘ಎಕೋ’ ತಿರುಪನ್ನು ಮಾತಿನ ಹೊತ್ತಿಗೆ ಪೂರ್ತಿ ಇಳಿಸಿ. ಹಾಡಿಗೆ ಅದು ಚೆಂದ, ಪ್ರಸಂಗಕ್ಕೆ (ಪ್ರವಚನಕ್ಕೆ) ವಿಷ. ಹೆಂಚಿನ ಎತ್ತರದ ಮಾಡಿನಡಿ ಸಹಜವಾಗಿಯೇ ದನಿ ಗುಂಯ್ ಎನ್ನುತ್ತದೆ. ಅದರ ಮೇಲೆ ಎಕೋ ಸೇರಿದರೆ ಕಿವಿ ಮಂದವಾದವರಿಗೆ ಒಂದು ಪದವೂ ಬಿಡಿಸಿ ಕೇಳುವುದಿಲ್ಲ. ಮುಂದೆ ಎರಡು ದೊಡ್ಡ ಸ್ಪೀಕರ್ ಇಟ್ಟು ಕಿರುಚಿಸುವ ಬದಲು ಕಂಬ ಕಂಬಕ್ಕೆ ಸಣ್ಣ ಸ್ಪೀಕರ್, ಕಡಿಮೆ ದನಿ. ಮೈಕು ಬಾಯಿಂದ ಒಂದು ಗೇಣಿನೊಳಗೆ ಇರಲಿ. ‘ನನ್ನ ದನಿ ದೊಡ್ಡದು, ಮೈಕು ಬೇಡ’ ಎನ್ನುವ ಹಿರಿಯರಿಗೂ ಮೈಕು ಕೊಡಿ.

ಕಿವುಡರು ಬರುತ್ತಿದ್ದರೆ ಸನ್ನೆ ಭಾಷೆಯ ಅನುವಾದಕರು ಮಾತಾಡುವವರ ಪಕ್ಕದಲ್ಲೇ ನಿಲ್ಲಲಿ, ಮುಖದ ಮೇಲೆ ಬೆಳಕು ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ಒಂದು ಗಂಟೆ ದಾಟಿದರೆ ಇಬ್ಬರು ಬೇಕು. ಇಪ್ಪತ್ತು ಮೂವತ್ತು ನಿಮಿಷಕ್ಕೆ ಸರದಿ ಬದಲಾಗಬೇಕು, ಕೈಯೂ ತಲೆಯೂ ದಣಿಯುತ್ತವೆ.

ಆರಾಧನಾ ಕ್ರಮದ ದೊಡ್ಡಕ್ಷರದ ಹತ್ತು ಪ್ರತಿ ಇಡಿ: 18 ಪಾಯಿಂಟು, ಸಾಲುಗಳ ನಡುವೆ ಒಂದೂವರೆಯಷ್ಟು ಅಂತರ. ಕನ್ನಡಕ್ಕೆ ಈ ಅಂತರ ಬೇಕೇ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗಿದರೆ ವಯಸ್ಸಾದ ಕಣ್ಣಿಗೆ ಎರಡೂ ಕಾಣುವುದಿಲ್ಲ. ಪರದೆಯ ಮೇಲೆ ಒಂದು ಸಲಕ್ಕೆ ನಾಲ್ಕು ಸಾಲು ಮಾತ್ರ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ. ಹೂವು, ಜಲಪಾತದ ಚಿತ್ರದ ಮೇಲೆ ಹಾಡು ಬರೆಯುವ ಹುಡುಗರಿಗೆ ನಯವಾಗಿ ಹೇಳಿ.

ವೇದಪಾಠ ಹೇಳುವಾಗ ಹಳೆಯ ಒಡಂಬಡಿಕೆಯೋ ಹೊಸದೋ, ಬೆಂಚಿನಲ್ಲಿರುವ ಪ್ರತಿಯ ಪುಟ ಎಷ್ಟು ಎಂಬುದನ್ನೂ ಎರಡು ಸಲ ಹೇಳಿ. ‘ಹಬಕ್ಕೂಕ 2’ ಎಂದರೆ ಹುಟ್ಟು ಕ್ರೈಸ್ತರೂ ಪರದಾಡುತ್ತಾರೆ. ಮೊಬೈಲಿನ ಬೈಬಲು ಬೇರೆ ಅನುವಾದವಾಗಿದ್ದರೆ ಮಾತು ಹೊಂದುವುದಿಲ್ಲ. ಓದುವ ಅನುವಾದದ ಹೆಸರು ಆರಾಧನಾ ಕ್ರಮದಲ್ಲಿ ಇರಲಿ.

ಭಾಷೆಯ ವಿಷಯ ನಾಜೂಕಿನದು, ಬೆಂಗಳೂರಿನಲ್ಲಂತೂ ಬೆಂಕಿಯಂಥದು. ಕಟ್ಟಡ ಕೆಲಸಕ್ಕೆ ಬಂದ ಜಾರ್ಖಂಡ್, ಒಡಿಶಾದ ಕ್ರೈಸ್ತರು, ಮಲಯಾಳಿ ನರ್ಸ್‌ಗಳು, ಮಣಿಪುರ, ಮಿಜೋರಾಮಿನ ಯುವಕರು, ತಲೆಮಾರುಗಳಿಂದ ಇಲ್ಲೇ ಇರುವ ತಮಿಳರು, ತೆಲುಗರು; ಕರಾವಳಿಯಲ್ಲಿ ತುಳು, ಕೊಂಕಣಿ. ‘ಹಾಗಾದರೆ ಇಂಗ್ಲಿಷಿಗೆ ಹೋಗೋಣ’ ಎಂಬ ಪರಿಹಾರ ಕಂಡಷ್ಟು ಉದಾರವಲ್ಲ. ಮನೆಗೆಲಸದಾಕೆ, ಗಾರ್ಮೆಂಟ್ಸ್ ಹುಡುಗಿ ಅಲ್ಲೇ ಹೊರಗುಳಿಯುತ್ತಾರೆ. ಕನ್ನಡ ಬೆನ್ನೆಲುಬಾಗಿರಲಿ, ಉಳಿದವಕ್ಕೆ ಗೊತ್ತಾದ ಜಾಗ ಇರಲಿ: ವಾರಕ್ಕೊಂದು ಪಾಠ ಇನ್ನೊಂದು ಭಾಷೆಯಲ್ಲಿ, ಕರ್ತನ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಅವರವರ ಭಾಷೆಯಲ್ಲಿ, ತಿಂಗಳಿಗೆ ಎರಡು ಹಾಡು. ಪ್ರಸಂಗವನ್ನು ವಾಕ್ಯಕ್ಕೊಂದು ಅನುವಾದ ಮಾಡಿಸಬೇಡಿ. ಇಪ್ಪತ್ತು ನಿಮಿಷದ್ದು ನಲವತ್ತಾಗಿ ಎರಡು ಭಾಷೆಯವರೂ ತೂಕಡಿಸುತ್ತಾರೆ. ಅರ್ಧ ಪುಟದ ಸಾರಾಂಶ ಹಿಂದಿಯಲ್ಲೋ ತಮಿಳಿನಲ್ಲೋ ಅಚ್ಚು ಹಾಕಿ ಕೊಡಿ, ಅಥವಾ ಒಂದು ಮೂಲೆಯ ಎರಡು ಬೆಂಚಿನಲ್ಲಿ ಒಬ್ಬರು ಪಿಸುದನಿಯಲ್ಲಿ ಹೇಳಲಿ. ಯಾವ ಭಾಷೆಗೆ ಎಷ್ಟು ಎಂಬುದು ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರಹದಲ್ಲಿರಲಿ. ಬಾಯಿಮಾತಿಗೆ ಬಿಟ್ಟರೆ ಹಬ್ಬದ ಹಿಂದಿನ ದಿನ ಜಗಳ.

6. ಕರ್ತನ ಮೇಜಿನ ಹತ್ತಿರ

ಯಾರು ಸಂಸ್ಕಾರ ಪಡೆಯಬಹುದು ಎಂಬ ನಿಯಮ ನಿಮ್ಮ ಸಭೆಯದು; ಅದನ್ನು ಬದಲಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಹೊಸಬರಿಗೆ ಅದು ಮೊದಲೇ ಗೊತ್ತಾಗಬೇಕು. ಸಾಲಿನಲ್ಲಿ ನಿಂತು ಮುಂದೆ ಬಂದ ಮೇಲೆ ‘ನಿಮಗೆ ದೀಕ್ಷಾಸ್ನಾನ ಆಗಿದೆಯಾ?’ ಎಂದು ಕೇಳುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಆಹ್ವಾನದ ಹೊತ್ತಿಗೆ ಅಯ್ಯನವರು ಅಥವಾ ಫಾದರ್ ಹೀಗೆ ಹೇಳಬಹುದು: ‘ಸಂಸ್ಕಾರ ಪಡೆಯದವರು ಕೂತೇ ಪ್ರಾರ್ಥಿಸಬಹುದು, ಆಶೀರ್ವಾದ ಬೇಕಾದವರು ಕೈ ಎದೆಗಿಟ್ಟುಕೊಂಡು ಮುಂದೆ ಬನ್ನಿ.’ ಕೂತವರು ಒಬ್ಬಂಟಿಯಾಗದಂತೆ ಪಕ್ಕದ ಗೆಳೆಯ ಕೊನೆಯ ಸಾಲಿನಲ್ಲಿ ಹೋಗಲಿ.

ಕುಡಿತ ಬಿಟ್ಟವರಿಗೆ ದ್ರಾಕ್ಷಾರಸದ ಒಂದು ಗುಟುಕೂ ಅಪಾಯ. ಅವರಿಗೆಂದು ಬೇರೆ ಬಟ್ಟಲು ಇಟ್ಟರೆ ಇಡೀ ಸಭೆಗೆ ಗುರುತು ಹಿಡಿಸಿದಂತೆ. ಸಭೆಯ ನಿಯಮ ಒಪ್ಪುವುದಾದರೆ ಎಲ್ಲರಿಗೂ ಹುಳಿಯದ ರಸವನ್ನೇ ಬಳಸಿ. ಕಥೋಲಿಕರಲ್ಲಿ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪರಮಪ್ರಸಾದ ಪೂರ್ಣ, ಆದ್ದರಿಂದ ಈ ತೊಡಕು ಕಡಿಮೆ. ಗೋಧಿಯ ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆಯವರ ವಿಷಯದಲ್ಲಿ ವ್ಯಾಟಿಕನ್ 2017ರಲ್ಲಿ ಮತ್ತೆ ಸ್ಪಷ್ಟಪಡಿಸಿತು: ಗ್ಲುಟನ್ ಪೂರ್ತಿ ಇಲ್ಲದ ಓಸ್ತಿ (ಪರಮಪ್ರಸಾದದ ತೆಳು ರೊಟ್ಟಿ) ಸಲ್ಲದು, ಅತಿ ಕಡಿಮೆ ಇರುವುದು ಸಲ್ಲುತ್ತದೆ. ಅದನ್ನು ಪ್ರತ್ಯೇಕ ಮುಚ್ಚಳದ ಡಬ್ಬಿಯಲ್ಲಿಡಿ, ಮೊದಲು ಅದನ್ನೇ ಕೊಡಿ; ಬೇರೆ ಓಸ್ತಿಯ ಪುಡಿ ಮೆತ್ತಿದ ಬೆರಳಿನಿಂದ ಕೊಟ್ಟರೆ ಅಷ್ಟೂ ಎಚ್ಚರಿಕೆ ಹಾಳು.

7. ಊಟದ ಸಾಲು

ಪ್ರೀತಿ ಭೋಜನದಲ್ಲಿ ಸಸ್ಯಾಹಾರಿಗಳಿಗೆ ಬೇರೆ ಸಾಲು ಹಾಕುವುದು ಅನುಕೂಲವೆಂದೇ ಮಾಡುವುದು. ನಮ್ಮ ನಾಡಿನಲ್ಲಿ ಬೇರೆ ಪಂಕ್ತಿ ಎಂದರೆ ಏನೆಂದು ವಿವರಿಸಬೇಕಿಲ್ಲ. ಅಡುಗೆ ಬೇರೆ ಒಲೆ, ಬೇರೆ ಸೌಟಿನಲ್ಲಿ ಆಗಲಿ, ಸಾಲು ಮಾತ್ರ ಒಂದೇ ಇರಲಿ. ಸಸ್ಯಾಹಾರಿ ಬಕೆಟ್ಟು ಮೊದಲು ಬರಲಿ, ಮಾಂಸದ್ದು ಹಿಂದೆ. ಬೇಡದವರು ಕೈ ಅಡ್ಡ ಹಿಡಿದರಾಯಿತು. ದನದ ಮಾಂಸ, ಹಂದಿ ಮಾಂಸ ಇದ್ದರೆ ಬಡಿಸುವವರು ಹೆಸರು ಹೇಳಿ ಬಡಿಸಲಿ. ಐವತ್ತು ಜನರ ಊಟಕ್ಕೆ ಹತ್ತು ಹೆಚ್ಚುವರಿ ಎಲೆ ಲೆಕ್ಕ ಹಿಡಿಯಿರಿ, ಇಲ್ಲದಿದ್ದರೆ ಹೊಸಬರ ಸರದಿಗೆ ಅನ್ನ, ಸಾರು ಮಾತ್ರ ಉಳಿಯುತ್ತದೆ. ಪಾತ್ರೆ ತೊಳೆಯುವುದು ಪ್ರತಿ ಸಲ ಯಾರ ಪಾಲಿಗೆ ಬರುತ್ತದೆಂದು ನೋಟ್‌ಬುಕ್ಕಿನವರು ಗಮನಿಸಲಿ.

8. ವಿಧವೆ, ಒಂಟಿ, ಬಡವ: ಕಾಣದ ಗೆರೆಗಳು

ಮದುವೆಯ ಅರಿಶಿನಕ್ಕೆ, ಕರಾವಳಿಯ ರೋಸ್‌ಗೆ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರಕ್ಕೆ) ಗಂಡ ತೀರಿಕೊಂಡವರನ್ನು ಕರೆಯದ ಕ್ರೈಸ್ತ ಮನೆಗಳು ಇನ್ನೂ ಇವೆ. ಮನೆಯ ವ್ಯವಹಾರ ಚರ್ಚಿನ ಕೈಯಲ್ಲಿಲ್ಲ. ಆದರೆ ಚರ್ಚಿನಲ್ಲಿ ದೀಪ ಹಚ್ಚುವವರ, ಮದುಮಗಳನ್ನು ಬಾಗಿಲಲ್ಲಿ ಎದುರುಗೊಳ್ಳುವವರ ಪಟ್ಟಿ ಚರ್ಚಿನದೇ. ಅದರಲ್ಲಿ ಅವರ ಹೆಸರು ಬರೆಯಿರಿ, ಘೋಷಣೆ ಮಾಡದೆ. ತಾಯಂದಿರ ದಿನ ‘ತಾಯಂದಿರೆಲ್ಲ ಎದ್ದು ನಿಲ್ಲಿ’ ಎಂದು ಹೂ ಕೊಡುವಾಗ ಮಕ್ಕಳಿಲ್ಲದವರು, ಮಗು ಕಳೆದುಕೊಂಡವರು ಕೂತೇ ಇರುತ್ತಾರೆ. ಹೂವು ಬಾಗಿಲಲ್ಲಿ ಎಲ್ಲ ಹೆಂಗಸರಿಗೂ ಕೊಡಿ.

ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಸಭೆಯಲ್ಲಿ ನಡುವಿನ ಅಥವಾ ಪಕ್ಕದ ಕೆಲವು ಬೆಂಚು ‘ಕುಟುಂಬ’ಕ್ಕೆ ಬಿಡಿ. ಬುದ್ಧಿಮಾಂದ್ಯ ಮಗನೊಂದಿಗೆ ಬರುವ ತಾಯಿಗೂ, ಎರಡು ಕಡೆಯಲ್ಲಿ ಎಲ್ಲಿ ಕೂತರೂ ದುರುಗುಟ್ಟಿ ನೋಡಿಸಿಕೊಳ್ಳುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗೂ ಅಲ್ಲಿ ಜಾಗ. ದೇವಶಾಸ್ತ್ರದ ಚರ್ಚೆ ಬೇರೆ, ಕೂರುವ ಬೆಂಚು ಬೇರೆ. ಅಂದಹಾಗೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಉಳಿದವರಿಗಿರುವ ಷರತ್ತುಗಳ ಮೇಲೆಯೇ ಸ್ನಾನದೀಕ್ಷೆ ಪಡೆಯಬಹುದು ಎಂದು ವ್ಯಾಟಿಕನ್ 2023ರಲ್ಲಿ ಉತ್ತರ ಕೊಟ್ಟಿದೆ. ಭಕ್ತರಲ್ಲಿ ಅಪವಾದಕ್ಕೆ ಎಡೆಯಾಗಬಾರದು ಎಂಬ ಮಾತು ಜೊತೆಗಿದೆ.

ಹಣದ ಗೆರೆ ಇನ್ನೂ ಸೂಕ್ಷ್ಮ. ಹುಟ್ಟುಹಬ್ಬದ ಸ್ತೋತ್ರ ಕಾಣಿಕೆಯ ಹೆಸರು ಓದಿ, ಮೊತ್ತ ಓದಬೇಡಿ. ವಾರ್ಷಿಕ ಚಂದಾ ಬಾಕಿಯವರ ಪಟ್ಟಿ ನೋಟಿಸ್ ಬೋರ್ಡಿನಿಂದ ಇಳಿಯಲಿ. ಖಜಾಂಚಿ ಅವರೊಂದಿಗೆ ಖಾಸಗಿಯಾಗಿ ಮಾತಾಡಲಿ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ ಸಾವಿರಗಟ್ಟಲೆ ಕೂಗುವವರು ನಾಲ್ಕು ಮನೆಯವರು, ಉಳಿದವರು ಪ್ರೇಕ್ಷಕರು. ಹರಾಜು ಇರಲಿ, ಅದರ ಗಮ್ಮತ್ತೇ ಬೇರೆ. ಆದರೆ ತಂದದ್ದರಲ್ಲಿ ಅರ್ಧ ಭಾಗವನ್ನು ಹತ್ತರಿಂದ ಐವತ್ತು ರೂಪಾಯಿಯ ನಿಗದಿ ಬೆಲೆಯ ಮೇಜಿನಲ್ಲಿಟ್ಟು ಮೊದಲು ಮಾರಿ. ಆ ಮೇಜಿಗೆ ಬರುವ ಗದ್ದಲ ನೋಡಿದರೆ ಮುಂದಿನ ವರ್ಷ ಯಾರೂ ಬೇಡವೆನ್ನುವುದಿಲ್ಲ.

9. ಫೋಟೋ, ಫೋನು, ಮನೆಭೇಟಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೂ, ನಂತರದ ತಿದ್ದುಪಡಿಗಳಿಂದ ಸಿಖ್ಖರಿಗೂ (1956) ಬೌದ್ಧರಿಗೂ (1990) ಮಾತ್ರ. ಚರ್ಚಿನ ಫೇಸ್‌ಬುಕ್ ಪುಟದಲ್ಲಿ ಬಂದ ಒಂದು ಫೋಟೋ ಒಬ್ಬ ವಿದ್ಯಾರ್ಥಿಯ ಪ್ರಮಾಣಪತ್ರಕ್ಕೆ, ಒಬ್ಬ ನೌಕರನ ಕೆಲಸಕ್ಕೆ ತಕರಾರಾಗಬಹುದು. ಮನೆಯಲ್ಲಿ ವಿರೋಧವಿದ್ದು ಬಂದವರಿಗೆ ಪೆಟ್ಟೇ ಬೀಳಬಹುದು. ಲೈವ್ ಕ್ಯಾಮೆರಾ ಬಲಿಪೀಠದ ಕಡೆಗೆ ಮಾತ್ರ ಇರಲಿ. ಎಲ್ಲಿಂದ ಎಲ್ಲಿಯವರೆಗೆ ಕ್ಯಾಮೆರಾಕ್ಕೆ ಕಾಣುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ. ಕೇಳದೆ ಯಾರನ್ನೂ ವಾಟ್ಸಾಪ್ ಗ್ರೂಪಿಗೆ ಸೇರಿಸಬೇಡಿ. ಸೊಸೆಯ ಫೋನನ್ನು ಅತ್ತೆ, ಗಂಡ ನೋಡುವ ಮನೆಗಳು ಬಹಳ.

ಬೇರೆ ಧರ್ಮದವರು ಸುಮ್ಮನೆ ಬಂದು ಕೂತು ಹೋಗುವುದಕ್ಕೂ ಚರ್ಚಿನಲ್ಲಿ ಜಾಗವಿರಬೇಕು. ಸಹಾಯವನ್ನು, ಅಕ್ಕಿಯಾಗಲಿ ಶಾಲಾ ಫೀಸಾಗಲಿ, ಹಾಜರಿಗೆ ಗಂಟು ಹಾಕಬೇಡಿ. ಅದು ಅವರಿಗೂ ಅವಮಾನ, ಸಭೆಗೂ ಕಾನೂನಿನ ತಲೆನೋವು.

ಮನೆಭೇಟಿಗೆ ಮೊದಲು ಕೇಳಿ, ದಿನ ಗೊತ್ತುಮಾಡಿ, ಇಬ್ಬರು ಹೋಗಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಊಟದ ಹೊತ್ತು ಬೇಡ. ಇಲ್ಲದ ಮನೆಯವರು ಸಾಲ ಮಾಡಿ ಬಡಿಸುತ್ತಾರೆ. ಇಪ್ಪತ್ತು ನಿಮಿಷ ಸಾಕು.

10. ಮಕ್ಕಳು

ಹಾಲೂಡಿಸುವ ಕೋಣೆಗೆ ಪರದೆ, ಫ್ಯಾನು, ಒಂದು ಸ್ಪೀಕರ್ ಇರಲಿ. ಕ್ರಿಸ್ಮಸ್ ಸಾಮಾನಿನ ಉಗ್ರಾಣದಲ್ಲಿ ಕೂರಿಸಬೇಡಿ. ಡ್ರಮ್ಮಿನ ಸದ್ದಿಗೆ ಕಿವಿ ಮುಚ್ಚಿ ಅಳುವ ಆಟಿಸಂ ಮಗುವಿಗೂ ಅದೇ ಕೋಣೆ ಆದೀತು. ಸಂಡೇ ಸ್ಕೂಲಿನಲ್ಲಿ ಕಂಠಪಾಠಕ್ಕೆ ಮಾತ್ರ ಬಹುಮಾನವಿದ್ದರೆ ಓದು ತೊಡಕಾಗುವ ಮಗು ಪ್ರತಿ ವರ್ಷ ಕೊನೆ. ಚಿತ್ರಕ್ಕೆ, ನಾಟಕಕ್ಕೆ, ಬೆಂಚು ಸಾಲುಮಾಡಿದ್ದಕ್ಕೆ ಕೂಡ ಇರಲಿ.

‘ಎಲ್ಲರಿಗೂ ಬಾಗಿಲು ತೆರೆದಿದೆ’ ಎಂದರೆ ಮಕ್ಕಳ ಹತ್ತಿರ ಎಲ್ಲರಿಗೂ ಬಿಡುವುದೆಂದಲ್ಲ. ಯಾವ ತರಗತಿಯಲ್ಲೂ ಒಬ್ಬರೇ ದೊಡ್ಡವರು ಇರಬಾರದು, ಇಬ್ಬರು ಬೇಕು. ಬಾಗಿಲಿಗೆ ಗಾಜು, ಇಲ್ಲವೇ ಬಾಗಿಲು ತೆರೆದೇ ಇರಲಿ. ಹೊಸ ಶಿಕ್ಷಕರಿಗೆ ಸಭೆಗೆ ಬಂದು ಆರು ತಿಂಗಳಾದರೂ ಆಗಿರಲಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ಸಭೆಯೊಳಗೇ ಮುಗಿಸೋಣ’ ಎಂದು ಮುಚ್ಚಿಟ್ಟವರೂ ಅಪರಾಧಿಗಳೇ. ಮಕ್ಕಳ ಸಹಾಯವಾಣಿ 1098ನ್ನು ಮಕ್ಕಳ ಎತ್ತರಕ್ಕೆ ಕಾಣುವಂತೆ ಗೋಡೆಗೆ ಹಚ್ಚಿ.

11. ನಾಲ್ಕನೇ ಭಾನುವಾರ, ಆಮೇಲೆ ಕಮಿಟಿ

ಮೊದಲ ವಾರ ಎಲ್ಲರೂ ಮಾತಾಡಿಸುತ್ತಾರೆ. ಎರಡನೇ ವಾರ ಕೆಲವರು. ನಾಲ್ಕನೇ ವಾರ ಹೊಸಬರು ಟೀ ಲೋಟ ಹಿಡಿದು ಒಬ್ಬರೇ ಗೋಡೆಗೆ ಒರಗಿ ನಿಂತಿರುತ್ತಾರೆ, ಯಾಕೆಂದರೆ ಈಗ ಅವರು ಹೊಸಬರೂ ಅಲ್ಲ, ನಮ್ಮವರೂ ಅಲ್ಲ. ಬಿಟ್ಟುಹೋಗುವುದು ಈ ಹೊತ್ತಿನಲ್ಲಿ. ಪಕ್ಕ ಕೂರುವ ಗೆಳೆಯರ ಹತ್ತಿರ ಒಂದು ಸಣ್ಣ ಪುಸ್ತಕ ಇರಲಿ: ಹೆಸರು, ಮೊದಲು ಬಂದ ದಿನ, ನಾಲ್ಕನೇ ವಾರದ ದಿನಾಂಕ. ಆ ದಿನ ಅವರಿಗೊಂದು ಸಣ್ಣ ಕೆಲಸ ಕೇಳಿ: ಪುಸ್ತಕ ಹಂಚುವುದು, ಹೂ ಜೋಡಿಸುವುದು, ಟೀ ಸೋಸುವುದು. ಕೆಲಸ ಸಿಕ್ಕವರು ನಿಲ್ಲುತ್ತಾರೆ. ಮೂರು ತಿಂಗಳಿಗೆ ಪಾಠ ಓದಲು ಕೊಡಿ. ಓದಲು 150ರಿಂದ 200 ಪದದ ಭಾಗ, ಹಿಂದಿನ ಗುರುವಾರವೇ ಕೈಗೆ ಸೇರಲಿ.

ಕಮಿಟಿಯ ಪಟ್ಟಿ ತೆಗೆದು ಮನೆತನ ಮನೆತನವಾಗಿ ಗೆರೆ ಎಳೆಯಿರಿ. ಹನ್ನೆರಡು ಜನರಲ್ಲಿ ಏಳು ಜನ ಮೂರು ಮನೆಯವರಾದರೆ ಮೇಲಿನ ಹತ್ತೂ ಹೆಜ್ಜೆ ಆರು ತಿಂಗಳಲ್ಲಿ ಮಂಕಾಗುತ್ತವೆ. ಸಿಎಸ್‌ಐ 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ ಎಗ್ಗೋನಿ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು. ಹೆಂಗಸರನ್ನು ಸ್ತ್ರೀ ಸಮಾಜದ ಅಡುಗೆ ಲೆಕ್ಕಕ್ಕಷ್ಟೇ ಕರೆಯುವ ಕಮಿಟಿಗೆ ಇದನ್ನು ನೆನಪಿಸಬಹುದು. ಕಮಿಟಿ ಚುನಾವಣೆಯ ನಿಯಮ ಚರ್ಚಿನ ಸಂವಿಧಾನದಲ್ಲಿದೆ, ಬೇಕಾದಂತೆ ಬದಲಿಸಲಾಗದು. ಆದರೆ ಉಪಸಮಿತಿಗಳನ್ನು ಕಮಿಟಿಯೇ ನೇಮಿಸುತ್ತದೆ. ಕಟ್ಟಡ, ಸಂಗೀತ, ಊಟ, ಸ್ಮಶಾನ ಈ ನಾಲ್ಕರಲ್ಲಿ ಪ್ರತಿಯೊಂದಕ್ಕೂ ಮೂರು ವರ್ಷದೊಳಗೆ ಬಂದ ಇಬ್ಬರನ್ನು ಹಾಕಿ. ಸ್ಮಶಾನವನ್ನು ಸುಮ್ಮನೆ ಹೇಳಿದ್ದಲ್ಲ. ಯಾರಿಗೆ ಎಲ್ಲಿ ಗುಂಡಿ ಎಂಬುದು ಬಾಯಿಮಾತಿನಲ್ಲಿ ನಡೆಯುವ ಕಡೆ ಹಳೆಯ ಗೆರೆಗಳೆಲ್ಲ ಅಲ್ಲಿ ಉಳಿದಿರುತ್ತವೆ. ಸಾಲು, ಸಂಖ್ಯೆ ಹಾಕಿದ ನಕ್ಷೆ ಮಾಡಿ, ತೀರಿಕೊಂಡ ದಿನದ ಸರದಿಯಂತೆ ಕೊಡಿ.

ಆರು ತಿಂಗಳ ಮೇಲೆ ಆ ನೋಟ್‌ಬುಕ್ಕನ್ನು ಬೇರೆ ಐದು ಜನರ ಕೈಗೆ ಕೊಡಿ. ಮೊದಲಿನ ಐವರಿಗೆ ಈಗ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ.